ಓದುಗರ ಪ್ರಶ್ನೆ: ಒಂದೇ ಕೈಯಲ್ಲಿ ಮಾಡುವಂಥ ನೌಕರಿ ಯಾವುದು?

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಕೊಡುವಾಗ ನನ್ನ ಬಲಗೈ ವಿಷಯ ಎರಡು ಸಾಲು ಬರೆದಿದ್ದೆ. ಹದಿನಾಲ್ಕನೇ ವಯಸ್ಸಿನಲ್ಲಿ ಕಣಿಕೆ ಕತ್ತರಿಸುವ ಮಷೀನಿಗೆ ಸಿಕ್ಕು ಮೊಣಕೈ ಕೆಳಗೆ ಹೋಯಿತು, ಆಮೇಲೆ ಎಡಗೈಲೇ ಬರೆಯಲು ಕಲಿತು ದ್ವಿತೀಯ ದರ್ಜೆ ಸಹಾಯಕಿಯಾಗಿ ಸರ್ಕಾರಿ ಕಚೇರಿಗೆ ಸೇರಿದೆ ಅಂತ. ಅಷ್ಟಕ್ಕೇ ಬಂದ ಪತ್ರಗಳನ್ನು ಓದಿ ಎರಡು ದಿನ ಸುಮ್ಮನೆ ಕೂತಿದ್ದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದಲೇ ಜಾಸ್ತಿ. ಮಷೀನಿಗೆ ಸಿಕ್ಕವರು, ಕರೆಂಟ್ ಹೊಡೆದವರು, ಹುಟ್ಟಿನಿಂದಲೇ ಒಂದು ಕೈಗೆ ಬಲ ಇಲ್ಲದವರು. ಎಲ್ಲರೂ ಕೇಳೋದು ಒಂದೇ: ನಮಗೆ ಯಾವ ಕೆಲಸ ಸಿಗುತ್ತೆ? ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಅಕ್ಕಾ, ನನಗೆ 23 ವರ್ಷ. ಬಿ.ಎ. ಮುಗಿದಿದೆ. ಎರಡು ವರ್ಷದ ಹಿಂದೆ ರಾಶಿ ಮಷೀನಿನಲ್ಲಿ ಬಲಗೈ ಮಣಿಕಟ್ಟಿನಿಂದ ಹೋಯಿತು. ಸಹಾಯಕ ಹುದ್ದೆಗಳು ನಿನಗೆ ಸರಿಹೊಂದುತ್ತವೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು ಅನ್ನೋದು ಯಾರಿಗೂ ಗೊತ್ತಿಲ್ಲ. — ಮುಧೋಳ ತಾಲ್ಲೂಕಿನ ಓದುಗ

ತಮ್ಮಾ, ಮೊದಲು ಕಾಗದದ ಕೆಲಸ ಮುಗಿಸು. ಜಿಲ್ಲಾ ಆಸ್ಪತ್ರೆಯ ವೈದ್ಯಕೀಯ ಮಂಡಳಿಯಿಂದ ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬೇಕೇ ಬೇಕು. ಅರ್ಜಿ ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ ಹಾಕಬೇಕು, ಆಮೇಲೆ ತಪಾಸಣೆಗೆ ಕರೆಯುತ್ತಾರೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಒಬ್ಬರಿರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅರ್ಜಿ ತುಂಬಿಸಿಕೊಡೋದು ಅವರ ಕೆಲಸವೇ, ಸಂಕೋಚ ಬೇಡ. ಮೀಸಲಾತಿಗೆ ಕನಿಷ್ಠ ಶೇ. 40 ಅಂಗವಿಕಲತೆ ಇರಬೇಕು. ಮಣಿಕಟ್ಟಿನಿಂದ ಕೈ ಹೋಗಿದ್ದರೆ ಅದಕ್ಕಿಂತ ಮೇಲೇ ಬರುತ್ತದೆ, ಆ ಚಿಂತೆ ಬಿಡು.

ಈಗ ಹುದ್ದೆಯ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ. 4 ನಮಗೆ ಮೀಸಲು. ಅದರಲ್ಲಿ ಶೇ. 1 ಕೈಕಾಲಿನ ತೊಂದರೆ ಇರುವವರ ಗುಂಪಿಗೆ. ನಮ್ಮ ರಾಜ್ಯದಲ್ಲಿ ಸಿ ಮತ್ತು ಡಿ ಗುಂಪಿನ ಹುದ್ದೆಗಳಿಗೆ ಒಟ್ಟು ಶೇ. 5 ಇದೆ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಎರಡೂ ಸಿ ಗುಂಪಿನವು. ಎಸ್‌ಡಿಎಗೆ ಪಿಯುಸಿ ಸಾಕು, ಎಫ್‌ಡಿಎಗೆ ಡಿಗ್ರಿ ಬೇಕು, ನಿನ್ನ ಹತ್ತಿರ ಅದೂ ಇದೆ. ವಯಸ್ಸಿನಲ್ಲಿ ಹತ್ತು ವರ್ಷ ಸಡಿಲಿಕೆಯೂ ಸಿಗುತ್ತೆ, ಹಾಗಾಗಿ ಒಂದು ಸಲ ಆಗಲಿಲ್ಲ ಅಂತ ಕೈ ಚೆಲ್ಲಿ ಕೂರಬೇಕಾಗಿಲ್ಲ. ಬ್ಯಾಂಕಿನ ಕಡೆಯೂ ನೋಡು. ನಮ್ಮ ಭಾಗದ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿಹೋಗಿದೆ. ಅಲ್ಲಿನ ಆಫೀಸ್ ಅಸಿಸ್ಟೆಂಟ್ ಹುದ್ದೆಗೆ ಐಬಿಪಿಎಸ್ ಅನ್ನೋ ಸಂಸ್ಥೆ ಪರೀಕ್ಷೆ ನಡೆಸುತ್ತದೆ.

ಅಧಿಸೂಚನೆ ಬಂದಾಗ ಎಲ್ಲರೂ ಹುದ್ದೆ ಎಷ್ಟು, ಪಗಾರ ಎಷ್ಟು ಅಂತ ನೋಡುತ್ತಾರೆ. ನೀನು ಹುಡುಕಬೇಕಾದ್ದು ಎರಡೇ ಅಕ್ಷರ: ಓಎ. ಅಂದರೆ ಒಂದು ಕೈ. ಬಿಎ ಅಂತ ಇದ್ದರೆ ಎರಡೂ ಕೈ (ನಿನ್ನ ಡಿಗ್ರಿ ಅಂದುಕೊಂಡು ಗಲಿಬಿಲಿ ಆಗಬೇಡ), ಓಎಲ್ ಅಂದರೆ ಒಂದು ಕಾಲು, ಓಎಎಲ್ ಅಂದರೆ ಒಂದು ಕೈ ಒಂದು ಕಾಲು. ಯಾವ ಹುದ್ದೆ ಯಾರಿಗೆ ಆಗುತ್ತೆ ಅಂತ ಕೇಂದ್ರ ಸರ್ಕಾರ 2021ರ ಜನವರಿ 4ರಂದು ದೊಡ್ಡ ಪಟ್ಟಿಯನ್ನೇ ಹೊರಡಿಸಿದೆ. ಅದರ ಪಕ್ಕದಲ್ಲೇ ಇನ್ನಷ್ಟು ಅಕ್ಷರಗಳಿರುತ್ತವೆ, ಜನ ಅವನ್ನು ಓದೋದೇ ಇಲ್ಲ. ಎಸ್ ಅಂದರೆ ಕೂತು ಮಾಡುವ ಕೆಲಸ, ಆರ್‌ಡಬ್ಲ್ಯೂ ಅಂದರೆ ಓದು ಬರಹ, ಎಂಎಫ್ ಅಂದರೆ ಬೆರಳಿನಿಂದ ಮಾಡುವ ಕೆಲಸ, ಎಲ್ ಅಂದರೆ ಎತ್ತೋದು, ಪಿಪಿ ಅಂದರೆ ಎಳೆಯೋದು ತಳ್ಳೋದು. ಇವನ್ನು ಓದಿದರೆ ಆ ಕುರ್ಚಿಯಲ್ಲಿ ಕೂತವರು ಬೆಳಗಿನಿಂದ ಸಂಜೆವರೆಗೆ ಏನು ಮಾಡುತ್ತಾರೆ ಅನ್ನೋದು ಕಣ್ಣಿಗೆ ಕಟ್ಟುತ್ತದೆ. ನಾನು ಎಲ್ಲರಿಗೂ ಹೇಳೋದು ಇದನ್ನೇ. ಹುದ್ದೆಯ ಹೆಸರು ಬಿಟ್ಟು ಅದರೊಳಗಿನ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡು. ಒಂದೊಂದನ್ನೂ ಮನೆಯಲ್ಲಿ ಒಂದು ಕೈಲಿ ಮಾಡಿ ನೋಡು. ಹತ್ತರಲ್ಲಿ ಎಂಟು ಆಗುತ್ತವೆ ಅಂತ ಗೊತ್ತಾದರೆ ಉಳಿದ ಎರಡಕ್ಕೆ ದಾರಿ ಹುಡುಕಬಹುದು.

ಪರೀಕ್ಷೆಯ ಬಗ್ಗೆ. ನೀನು ಬಲಗೈ ರೂಢಿಯವನು ಅಂತ ನನ್ನ ಲೆಕ್ಕ. ಕೇಂದ್ರದ ಮಾರ್ಗಸೂಚಿಯಲ್ಲಿ ಬರೆಯಲು ತೊಂದರೆ ಇರುವವರಿಗೆ ಬರಹಗಾರರ ಸಹಾಯ ಉಂಟು, ಗಂಟೆಗೆ 20 ನಿಮಿಷ ಹೆಚ್ಚಿನ ಸಮಯವೂ ಉಂಟು. ಕಣ್ಣು ಕಾಣದವರಿಗೆ, ಎರಡೂ ಕೈ ಇಲ್ಲದವರಿಗೆ ಕೇಳಿದರೆ ಕೊಡುತ್ತಾರೆ. ಒಂದು ಕೈ ಹೋದವರು, ಬರೆಯಲು ಆಗುವುದಿಲ್ಲ ಅಂತ ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ ಅಥವಾ ಸಿವಿಲ್ ಸರ್ಜನ್ ಹಂತದವರಿಂದ ನಿಗದಿತ ನಮೂನೆಯಲ್ಲಿ ಬರೆಸಿ ತರಬೇಕು. ಇದನ್ನು ಹಾಲ್ ಟಿಕೆಟ್ ಬಂದ ಮೇಲೆ ಮಾಡ್ತೀನಿ ಅನ್ನಬೇಡ. ಅರ್ಜಿಯಲ್ಲೇ ಆ ಕಾಲಂ ತುಂಬಬೇಕು.

ಆದರೂ ಎಡಗೈಲಿ ಬರೆಯೋದನ್ನು ಕಲಿ. ನಾನು ಕಲಿತದ್ದು ನಮ್ಮಪ್ಪ ತಂದುಕೊಟ್ಟ ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ. ಅಕ್ಷರಕ್ಕಿಂತ ದೊಡ್ಡ ಕಾಟ ಹಾಳೆಯದು. ಬರೆದಂತೆಲ್ಲ ಹಾಳೆ ಜಾರುತ್ತೆ, ಹಿಡಿಯೋಕೆ ಇನ್ನೊಂದು ಕೈ ಇಲ್ಲ. ಕೆಳಗೆ ಒಂದು ರಬ್ಬರ್ ಶೀಟ್ ಹಾಕು, ಹಾಳೆಯ ಮೇಲ್ತುದಿ ಬಲಕ್ಕೆ ವಾಲುವಂತೆ ಸ್ವಲ್ಪ ಓರೆ ಇಡು, ಮೇಲಿನ ಮೂಲೆಯಲ್ಲಿ ತೂಕ ಇಡು. ಓಎಂಆರ್ ಹಾಳೆಯ ಗುಂಡು ತುಂಬೋದನ್ನು ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡು. ನೂರು ಗುಂಡು ತುಂಬಲು ನಿನಗೆ ಎಷ್ಟು ಹೊತ್ತು ಬೇಕು ಅನ್ನೋದು ಪರೀಕ್ಷೆಗೆ ಮೊದಲೇ ಗೊತ್ತಿರಲಿ.

ಪ್ರಶ್ನೆ: ಹುಟ್ಟುವಾಗ ನರಕ್ಕೆ ಪೆಟ್ಟಾಗಿ ನನ್ನ ಎಡಗೈಗೆ ಬಲ ಇಲ್ಲ. ಪಿಯುಸಿ ಆಗಿದೆ. ಒಂದು ಕಂಪ್ಯೂಟರ್ ಕ್ಲಾಸಿಗೆ ಹೋದರೆ ‘ಎರಡು ಕೈ ಇದ್ದವರಿಗೇ ಸ್ಪೀಡ್ ಬರಲ್ಲ, ನಿಮಗೆ ಹೇಗೆ ಬರುತ್ತೆ’ ಅಂದರು. ನಿಜವಾಗಲೂ ಆಗಲ್ವಾ? — ಖಾನಾಪುರದಿಂದ ಓದುಗರು

ಆಗುತ್ತೆ ತಂಗಿ. ಈ ಪುಟವನ್ನು ನಾನೇ ಟೈಪ್ ಮಾಡಿ ಕಳಿಸುತ್ತಿದ್ದೇನೆ.

ಆ ಮಾಸ್ತರರಿಗೆ ಕಲಿಸೋಕೆ ಬರಲ್ಲ ಅಷ್ಟೇ. ಎರಡು ಕೈಯವರಿಗೆ ಹೇಳುವ ಬೆರಳಿನ ಪಾಠ ನಮಗೆ ಉಪಯೋಗ ಇಲ್ಲ. ನಿನ್ನ ಬಲಗೈಯನ್ನು ಕೀಬೋರ್ಡಿನ ನಡುಮಧ್ಯ ಇಡು, ಎಫ್, ಜಿ, ಎಚ್, ಜೆ ಈ ನಾಲ್ಕು ಕೀಗಳ ಮೇಲೆ ನಾಲ್ಕು ಬೆರಳು. ಎಫ್ ಮತ್ತು ಜೆ ಮೇಲೆ ಸಣ್ಣ ಉಬ್ಬು ಗೆರೆ ಇರುತ್ತೆ, ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುತ್ತೆ. ಅಲ್ಲಿಂದ ಎಡಕ್ಕೂ ಬಲಕ್ಕೂ ಕೈ ಹೋಗಿ ಮತ್ತೆ ಅಲ್ಲಿಗೇ ಬರಬೇಕು. ಮೊದಲ ಹದಿನೈದು ದಿನ ಕಿರಿಕಿರಿ ಆಗುತ್ತೆ, ಭುಜ ನೋಯುತ್ತೆ. ಅರ್ಧ ಗಂಟೆಗಿಂತ ಜಾಸ್ತಿ ಒಂದೇ ಸಮನೆ ಮಾಡಬೇಡ. ಇರೋದೇ ಒಂದು ಕೈ, ಅದನ್ನು ಜೋಪಾನ ಮಾಡಬೇಕು.

ಶಿಫ್ಟ್ ಒತ್ತಿ ಹಿಡಿದು ಇನ್ನೊಂದು ಕೀ ಒತ್ತೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ವಿಂಡೋಸ್‌ನಲ್ಲಿ ಇದಕ್ಕೆಂದೇ ಸ್ಟಿಕಿ ಕೀಸ್ ಅನ್ನೋ ಅನುಕೂಲ ಇದೆ. ಶಿಫ್ಟ್ ಕೀಯನ್ನು ಐದು ಸಲ ಬೇಗ ಬೇಗ ಒತ್ತು, ಒಂದು ಚೌಕ ತೆರೆದುಕೊಂಡು ಬೇಕಾ ಅಂತ ಕೇಳುತ್ತೆ, ಹೂಂ ಅನ್ನು. ಆಮೇಲೆ ಶಿಫ್ಟನ್ನು ಹಿಡಿದುಕೊಂಡೇ ಇರಬೇಕಾಗಿಲ್ಲ. ಒಮ್ಮೆ ಒತ್ತಿ ಬಿಟ್ಟು ಆಮೇಲೆ ಕೆ ಒತ್ತಿದರೂ ನುಡಿ ತಂತ್ರಾಂಶದಲ್ಲಿ ‘ಖ’ ಮೂಡುತ್ತೆ. ಕಂಟ್ರೋಲ್, ಆಲ್ಟ್ ಕೀಗಳಿಗೂ ಹಾಗೇ. ಇದು ಗೊತ್ತಾಗುವ ಮೊದಲು ನಾನು ಒಂದು ವರ್ಷ ಶಿಫ್ಟ್ ಕೀ ಮೇಲೆ ಮೊಣಕೈ ಊರಿ ಟೈಪ್ ಮಾಡುತ್ತಿದ್ದೆ, ಕುತ್ತಿಗೆ ಹಿಡಿದುಬಿಡುತ್ತಿತ್ತು. ಯಾರಾದರೂ ಒಬ್ಬರು ಹೇಳಿದ್ದರೆ ಅಷ್ಟು ನೋವು ತಿನ್ನಬೇಕಾಗಿರಲಿಲ್ಲ.

ನಿನಗೆ ಬಲಗೈ ಇರುವುದು ಇನ್ನೊಂದು ಅನುಕೂಲ. ಅಂಕಿಗಳ ಕೀಪ್ಯಾಡ್ ಬಲಗಡೆಯೇ ಇರುತ್ತೆ, ಅದನ್ನು ಎಲ್ಲರೂ ಒಂದೇ ಕೈಲಿ ಒತ್ತೋದು. ಅಂದರೆ ಬಿಲ್ಲಿಂಗ್, ಟ್ಯಾಲಿ, ಲೆಕ್ಕ ತುಂಬೋ ಕೆಲಸದಲ್ಲಿ ನಿನಗೂ ಎರಡು ಕೈಯವರಿಗೂ ವ್ಯತ್ಯಾಸ ತುಂಬಾ ಕಡಿಮೆ. ನಿಮ್ಮ ಕಡೆ ಸೌಹಾರ್ದ ಸಹಕಾರಿಗಳು, ಪತ್ತಿನ ಸಂಘಗಳು ಎಷ್ಟೊಂದಿವೆ. ಟ್ಯಾಲಿ ಕಲಿತು ಮೊದಲು ಅಲ್ಲಿ ಕೇಳು. (ಎಡಗೈ ಮಾತ್ರ ಇರುವವರು ಯುಎಸ್‌ಬಿ ಕೀಪ್ಯಾಡ್ ಒಂದನ್ನು ತಂದು ಎಡಗಡೆ ಇಟ್ಟುಕೊಳ್ಳಿ, ಮೌಸಿನ ಬಟನ್ನನ್ನೂ ಸೆಟಿಂಗ್ಸ್‌ನಲ್ಲಿ ಅದಲುಬದಲು ಮಾಡಿಕೊಳ್ಳಿ.) ಉದ್ದದ ಪತ್ರಗಳಿಗೆ ಮೊಬೈಲಿನಲ್ಲಿ ಕನ್ನಡದಲ್ಲೇ ಮಾತಾಡಿ ಬರೆಸಬಹುದು. ತಪ್ಪು ತಿದ್ದೋಕೆ ಮಾತ್ರ ಬೆರಳು ಬೇಕು.

ಆ ಕ್ಲಾಸ್ ಬಿಟ್ಟು ಬೇರೆ ಕಡೆ ಸೇರು.

ಪ್ರಶ್ನೆ: ಮೂರು ಕಡೆ ಕೆಲಸ ಕೇಳಿದೆ. ಮೂರೂ ಕಡೆ ‘ಒಂದ ಕೈಲೆ ಹೆಂಗ ಮಾಡ್ತಿಯೋ ತಮ್ಮಾ’ ಅಂತ ಕೇಳಿ ಕಳಿಸಿದರು. ಏನು ಉತ್ತರ ಕೊಡಬೇಕು ಅಕ್ಕಾರ? ಎಸ್ಸೆಸ್ಸೆಲ್ಸಿ ಆಗಿದೆ, ಬಲಗೈ ಗಟ್ಟಿ ಇದೆ. — ವಿಜಯಪುರ ಜಿಲ್ಲೆಯ ಓದುಗ

ಬಾಯಲ್ಲಿ ಉತ್ತರ ಕೊಡಬೇಡ, ಮಾಡಿ ತೋರಿಸು.

ನನ್ನ ಕಥೆ ಹೇಳುತ್ತೇನೆ. ನೌಕರಿಗೆ ಸೇರಿದ ಮೊದಲ ಮೂರು ತಿಂಗಳು ಕಚೇರಿಯಲ್ಲಿ ನನಗೆ ಕೆಲಸವನ್ನೇ ಕೊಡಲಿಲ್ಲ. ಮೂಲೆಯಲ್ಲಿ ಒಂದು ಕುರ್ಚಿ. ಕೂತು ಹೋಗಮ್ಮ, ಪಗಾರ ಬರುತ್ತಲ್ಲ ಅಂದರು ಮೇಲಿನವರು. ಕರುಣೆಯಿಂದಲೇ ಅಂದಿರಬಹುದು, ನನಗೆ ಮಾತ್ರ ದಿನಾ ಅಳು ಬರುತ್ತಿತ್ತು. ಒಂದು ದಿನ ಆವಕ-ಜಾವಕ ನೋಡುವ ಅಣ್ಣ ರಜೆ ಹಾಕಿದ್ದರು, ಟಪಾಲು ರಾಶಿ ಬಿದ್ದಿತ್ತು. ನಾನು ಎದ್ದು ಹೋಗಿ ಕೂತೆ. ಲಕೋಟೆಯನ್ನು ಮೇಜಿನ ಅಂಚಿಗೆ ಇಟ್ಟು, ಬಲ ಮೊಣಕೈಯಿಂದ ಒತ್ತಿ ಹಿಡಿದು, ಎಡಗೈಲಿ ಸ್ಟೀಲ್ ಸ್ಕೇಲ್ ತೂರಿಸಿ ಎಳೆದರೆ ಸೀಳುತ್ತೆ. ಕಾಗದ ತೆಗೆದು, ಮುದ್ರೆ ಒತ್ತಿ, ನಂಬರ್ ಹಾಕಿ, ವಹಿಯಲ್ಲಿ ಏರಿಸಿದೆ. ಸಂಜೆಗೆ ಮೇಜು ಖಾಲಿ. ಮಾರನೇ ದಿನ ಯಾರೂ ನನ್ನನ್ನು ಮೂಲೆಗೆ ಹೋಗು ಅನ್ನಲಿಲ್ಲ. ಫೈಲಿಗೆ ಟ್ಯಾಗ್ ಹಾಕೋದೊಂದು ಬಹಳ ದಿನ ಕೈಗೆ ಹತ್ತಲಿಲ್ಲ, ಎರಡು ತೂತು ಸರಿಯಾಗಿ ಕೂರಿಸೋಕೆ ಆಗುತ್ತಿರಲಿಲ್ಲ. ಆಮೇಲೆ ಒಂದು ಹಲಗೆಗೆ ಎರಡು ಮೊಳೆ ಹೊಡೆಸಿಕೊಂಡೆ. ಪಂಚ್ ಮಾಡಿದ ಹಾಳೆಗಳನ್ನು ಮೊಳೆಗೆ ಸಿಕ್ಕಿಸಿದರೆ ತೂತುಗಳು ತಾವೇ ಒಂದರ ಮೇಲೊಂದು ಕೂರುತ್ತವೆ, ಮೇಲೆ ಕ್ಲಿಪ್ ಹಾಕಿ ಎತ್ತಿ ಟ್ಯಾಗ್ ಪೋಣಿಸಿದರೆ ಮುಗಿಯಿತು. ಈಗ ನಮ್ಮ ಕಚೇರಿಯಲ್ಲಿ ಎರಡು ಕೈಯವರೂ ಅದನ್ನೇ ಕೇಳಿ ಒಯ್ಯುತ್ತಾರೆ.

ಹಾಗಾಗಿ ತಮ್ಮಾ, ಹೋಗುವ ಮೊದಲು ಆ ಜಾಗದಲ್ಲಿ ಗಿರಾಕಿಯಂತೆ ಅರ್ಧ ಗಂಟೆ ನಿಂತು ನೋಡು. ಅಲ್ಲಿನ ಹುಡುಗರು ಏನೇನು ಮಾಡುತ್ತಾರೆ, ಯಾವುದಕ್ಕೆ ಎರಡು ಕೈ ಬೇಕೇ ಬೇಕು? ಅದನ್ನು ನೀನು ಹೇಗೆ ಮಾಡುತ್ತೀ ಅನ್ನೋದು ತಲೆಯಲ್ಲಿ ತಯಾರಿರಲಿ. ‘ನಾಲ್ಕು ದಿನ ನೋಡ್ರಿ, ಆಗಲಿಲ್ಲ ಅಂದ್ರ ನಾನ ಹೊಕ್ಕೀನಿ’ ಅಂತ ನೀನೇ ಮೊದಲು ಹೇಳು.

ಎಲ್ಲಿ ಕೇಳಬೇಕು ಅನ್ನೋದಕ್ಕೆ ನನ್ನ ಅನುಭವದ ಮಾತು. ನಿಮ್ಮಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸ ಸುಲಭಕ್ಕೆ ಸಿಗುತ್ತೆ, ಒಂದು ಕೈಲಿ ಆಗುತ್ತೆ ಕೂಡ. ಆದರೆ ಕೂಲಿ ಕಿಲೋ ಲೆಕ್ಕದಲ್ಲಿ ಕೊಡುವ ಕಡೆ ನಿನ್ನ ದುಡಿಮೆ ಪಕ್ಕದವರ ಅರ್ಧಕ್ಕೆ ನಿಲ್ಲುತ್ತೆ. ದಿನಗೂಲಿ ಅಥವಾ ತಿಂಗಳ ಪಗಾರದ ಕೆಲಸ ಕೇಳು. ಕೋಲ್ಡ್ ಸ್ಟೋರೇಜಿನಲ್ಲಿ ತೂಕ ಬರೆಯೋದು, ಚೀಟಿ ಕೊಡೋದು. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯೋದು. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಹಂಗಾಮಿನ ತಿಂಗಳುಗಳಲ್ಲಿ ಟ್ರ್ಯಾಕ್ಟರ್ ನಂಬರ್ ಏರಿಸಿ ಚೀಟಿ ಕೊಡೋಕೆ ಜನ ಬೇಕಾಗುತ್ತಾರೆ, ಪಾಳಿ ಮೇಲೆ ರಾತ್ರಿಯೂ ಇರುತ್ತೆ. ಆಸ್ಪತ್ರೆಯ ಚೀಟಿ ಕೌಂಟರ್, ಕಾಲೇಜಿನ ಗ್ರಂಥಾಲಯ, ಲಾಡ್ಜಿನ ರಿಸೆಪ್ಷನ್ ಕೂಡ ಒಳ್ಳೆಯವೇ. ವಿಜಯಪುರದ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸು, ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲೂ ಮುಖ ತೋರಿಸಿ ಬಾ. ಊರಿಂದ ಓಡಾಡೋಕೆ ರಿಯಾಯಿತಿ ಬಸ್ ಪಾಸ್ ಇದೆ, ಇರುವ ಊರಿನಿಂದ 100 ಕಿಲೋಮೀಟರ್ ಒಳಗೆ ನಡೆಯುತ್ತೆ. ವಿಜಯಪುರಕ್ಕೆ ಕಲ್ಯಾಣ ಕರ್ನಾಟಕ ಸಾರಿಗೆ, ಬಾಗಲಕೋಟೆ ಬೆಳಗಾವಿಗೆ ವಾಯವ್ಯ ಸಾರಿಗೆ. ಅರ್ಜಿ ಹಾಕುವಾಗ ಯಾವ ಸಂಸ್ಥೆ ಅಂತ ನೋಡಿಕೋ.

ಪ್ರಶ್ನೆ: ಫೌಂಡ್ರಿಯಲ್ಲಿ ಕೆಲಸ ಮಾಡುವಾಗ ಎಡಗೈ ಹೋಗಿ ಹದಿನಾಲ್ಕು ತಿಂಗಳಾಯಿತು. ಆಸ್ಪತ್ರೆ ಖರ್ಚು ಮಾಲೀಕರೇ ಕೊಟ್ಟರು. ಈಗ ಅಲ್ಲೇ ಬೇರೆ ಕೆಲಸ ಕೊಡಿ ಅಂದರೆ ನೋಡೋಣ ಅನ್ನುತ್ತಿದ್ದಾರೆ. ಪರಿಹಾರ ಕೇಳಿದರೆ ಕೆಲಸವೂ ಹೋಗುತ್ತೆ ಅಂತ ಹೆದರಿಕೆ. — ಬೆಳಗಾವಿಯ ಓದುಗರು, ವಯಸ್ಸು 38

ಅಣ್ಣಾ, ದಯವಿಟ್ಟು ಇನ್ನು ಕಾಯಬೇಡಿ. ಪರಿಹಾರದ ಅರ್ಜಿಯನ್ನು ಅಪಘಾತ ಆದ ಎರಡು ವರ್ಷದೊಳಗೆ ಹಾಕಬೇಕು. ಹದಿನಾಲ್ಕು ತಿಂಗಳು ಆಗಲೇ ಕಳೆದಿವೆ. ಆಸ್ಪತ್ರೆ ಖರ್ಚು ಕೊಟ್ಟರು ಅಂದ ಮಾತ್ರಕ್ಕೆ ಲೆಕ್ಕ ತೀರುವುದಿಲ್ಲ. ಪರಿಹಾರದ ಕಾನೂನಿನಲ್ಲೇ ಯಾವ ಅಂಗ ಹೋದರೆ ದುಡಿಯುವ ಶಕ್ತಿ ಎಷ್ಟು ಹೋದಂತೆ ಅಂತ ಪಟ್ಟಿ ಮಾಡಿದ್ದಾರೆ. ಒಂದು ಕೈ ಹೋದರೆ ಶೇ. 60, ಮೊಣಕೈ ಹತ್ತಿರಕ್ಕೆ ಹೋದರೆ 70, ಭುಜದ ಹತ್ತಿರವಾದರೆ 80.

ಪಗಾರ ಚೀಟಿಯಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಅಂತ ಹಣ ಹಿಡಿಯುತ್ತಿದ್ದರಾ ನೋಡಿ. ಹಿಡಿಯುತ್ತಿದ್ದರೆ ನಿಮಗೆ ಮಾಲೀಕರಿಂದ ಪರಿಹಾರ ಕೇಳುವ ದಾರಿ ಇಲ್ಲ, ಇಎಸ್‌ಐನಿಂದಲೇ ತಿಂಗಳು ತಿಂಗಳು ಅಂಗವಿಕಲತೆಯ ಹಣ ಬರಬೇಕು. ಮಾಲೀಕರ ಜೊತೆ ಜಗಳವೇ ಬೇಕಾಗಿಲ್ಲ. ಹಿಡಿಯುತ್ತಿರಲಿಲ್ಲ ಅಂದರೆ ಕಾರ್ಮಿಕ ಇಲಾಖೆಗೆ ಹೋಗಿ. ವಕೀಲರ ಫೀಸಿನ ಚಿಂತೆ ಬೇಡ, ಅಂಗವಿಕಲರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಉಚಿತ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ.

ನೌಕರಿಯ ವಿಷಯದಲ್ಲಿ ನಿಜ ಹೇಳಬೇಕು. ಸೇವೆಯಲ್ಲಿರುವಾಗ ಕೈ ಹೋದರೆ ತೆಗೆದುಹಾಕುವಂತಿಲ್ಲ, ಅದೇ ಪಗಾರದಲ್ಲಿ ಬೇರೆ ಕೆಲಸ ಕೊಡಬೇಕು ಅನ್ನುವ, 2016ರ ಕಾಯ್ದೆಯ 20ನೇ ಕಲಂ ಇರುವುದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಫೌಂಡ್ರಿಗೆ ಅದು ಹತ್ತುವುದಿಲ್ಲ. ಹಾಗಾಗಿ ಅಲ್ಲಿ ಕೇಳಿಯೇ ಪಡೆಯಬೇಕು. ಇಷ್ಟು ವರ್ಷ ಆ ಶೆಡ್ಡಿನಲ್ಲಿ ದುಡಿದಿದ್ದೀರಿ, ಯಾವ ಎರಕ ಸರಿ ಇದೆ ಯಾವುದು ಕೆಟ್ಟಿದೆ ಅಂತ ಕಣ್ಣಲ್ಲೇ ಹೇಳುತ್ತೀರಿ ಅಲ್ವಾ? ಏನಾದರೂ ಕೊಡಿ ಅನ್ನುವ ಬದಲು ತಪಾಸಣೆ, ಸ್ಟೋರ್ ಸಹಾಯಕ, ಗೇಟಿನ ದಾಖಲೆ, ಹೀಗೆ ಕೆಲಸದ ಹೆಸರು ಹೇಳಿ ಲಿಖಿತವಾಗಿ ಕೇಳಿ.

ಪ್ರಶ್ನೆ: ಮಗಳಿಗೆ ಕೃತಕ ಕೈ ಹಾಕಿಸಿದ ಮೇಲೆ ಕೆಲಸ ಹುಡುಕಿದರೆ ಒಳ್ಳೆಯದಲ್ವಾ? — ಬಾದಾಮಿಯಿಂದ ಒಬ್ಬ ತಂದೆ

ಎರಡನ್ನೂ ಒಟ್ಟಿಗೇ ಮಾಡಿ. ನೋಡೋಕೆ ಮಾತ್ರ ಇರುವ ಕೈ ಬೇರೆ, ಪಟ್ಟಿ ಎಳೆದರೆ ಹಿಡಿತ ಬಿಚ್ಚಿ ಮುಚ್ಚುವ ಕೈ ಬೇರೆ. ಕೆಲಸಕ್ಕೆ ಎರಡನೆಯದು ಬೇಕು. ಕೇಂದ್ರದ ಎಡಿಪ್ ಯೋಜನೆಯಲ್ಲಿ ಆದಾಯ ಕಡಿಮೆ ಇದ್ದವರಿಗೆ ಉಚಿತವಾಗಿ ಸಿಗುತ್ತೆ, ಶಿಬಿರ ಯಾವಾಗ ಅಂತ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ನನ್ನ ಹತ್ತಿರವೂ ಒಂದಿದೆ, ಮದುವೆ ಮುಂಜಿಗೆ ಹಾಕುತ್ತೇನೆ. ಸೆಖೆಗೆ ಬೆವತು ಚರ್ಮ ಕೆಂಪಾಗುತ್ತೆ ಅಂತ ಕಚೇರಿಗೆ ಹಾಕುವುದಿಲ್ಲ. ರೊಟ್ಟಿ ಬಡಿಯುವಾಗಲೂ ಬೇಡ, ಎಡಗೈ ಒಂದೇ ಸಾಕು. ಮಗಳಿಗೆ ಏನು ಬೇಕು ಅಂತ ಮಗಳನ್ನೇ ಕೇಳಿ.

ಪ್ರಶ್ನೆ: ನಮ್ಮದು ದೊಡ್ಡ ಕಿರಾಣಿ ಅಂಗಡಿ. ಸಹಾಯಕ ಬೇಕಾಗಿದ್ದಾನೆ ಅಂತ ಬೋರ್ಡ್ ಹಾಕಿದ್ದೆ. ಒಂದು ಕೈ ಇಲ್ಲದ ಹುಡುಗ ಬಂದು ಕೇಳಿದ, ಇನ್ನೂ ಉತ್ತರ ಕೊಟ್ಟಿಲ್ಲ. ಇಟ್ಟುಕೊಳ್ಳಬೇಕು ಅಂತ ಮನಸ್ಸಿದೆ, ಹೇಗೆ ಅಂತ ತಿಳಿಯುತ್ತಿಲ್ಲ. — ಜಮಖಂಡಿಯ ಅಂಗಡಿಕಾರರು

ಇಷ್ಟೂ ಪತ್ರಗಳಲ್ಲಿ ನಿಮ್ಮದನ್ನು ಓದಿ ನನಗೆ ತುಂಬಾ ಸಂತೋಷವಾಯಿತು ಅಣ್ಣಾರ.

ಅವನನ್ನು ಕರೆದು ಅಂಗಡಿಯೆಲ್ಲ ತೋರಿಸಿ, ಯಾವುದು ಆಗುತ್ತೆ ಯಾವುದು ಆಗಲ್ಲ ಅಂತ ಅವನನ್ನೇ ಕೇಳಿ. ಅವನಿಗೆ ಗೊತ್ತಿರುತ್ತೆ. ಅಕ್ಕಿ ತೂಗಿ ಕೊಡುವಾಗ ಒಂದು ಕೈ ಚೀಲದ ಬಾಯಿ ಹಿಡಿದಿರುತ್ತೆ, ಇನ್ನೊಂದು ಸುರಿಯುತ್ತೆ ಅಲ್ವಾ? ಕೌಂಟರಿನ ಅಂಚಿಗೆ ಎರಡು ಕೊಕ್ಕೆ ಹೊಡೆಸಿ, ಚೀಲದ ಕಿವಿ ಅದಕ್ಕೆ ಸಿಕ್ಕಿಸಿದರೆ ಬಾಯಿ ತೆರೆದೇ ನಿಲ್ಲುತ್ತೆ. ದಾರ ಕಟ್ಟುವ ಕಡೆ ಭಾರದ ಟೇಪ್ ಸ್ಟ್ಯಾಂಡ್ ಇಡಿ. ಅಟ್ಟದ ಏಣಿ ಹತ್ತೋದು ಮಾತ್ರ ಅವನಿಗೆ ಹೇಳಬೇಡಿ, ಒಂದು ಕೈಲಿ ಏಣಿ ಹಿಡಿದು ಸಾಮಾನು ಇಳಿಸೋದು ಅಪಾಯ. ಮೂಟೆಯನ್ನು ಒಬ್ಬರು ಎತ್ತಿ ಬೆನ್ನಿಗೆ ಕೊಟ್ಟರೆ ಹೊರುತ್ತಾನೆ. ಬಿಲ್ಲು, ಉದ್ರಿ ಲೆಕ್ಕ, ಫೋನ್ ಆರ್ಡರ್ ಅವನಿಗೆ ಒಪ್ಪಿಸಿದರೆ ಇನ್ನೊಬ್ಬ ಹುಡುಗ ಎತ್ತುವ ಕೆಲಸಕ್ಕೆ ಪೂರ್ತಿ ಬಿಡುವಾಗುತ್ತಾನೆ.

ಮೊದಲ ವಾರ ನಿಧಾನ ಆಗುತ್ತೆ, ಗಿರಾಕಿಗಳು ದುರುಗುಟ್ಟಿ ನೋಡುತ್ತಾರೆ, ಯಾರೋ ಒಬ್ಬರು ಅವನೆದುರೇ ‘ಅಯ್ಯೋ ಪಾಪ’ ಅನ್ನುತ್ತಾರೆ. ಆಗ ನೀವು ಅವನ ಪರ ಮಾತಾಡೋದೇನೂ ಬೇಡ, ಚೀಟಿ ಅವನ ಕೈಗೆ ಕೊಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಪಗಾರ ಉಳಿದ ಹುಡುಗರಿಗೆ ಎಷ್ಟೋ ಅಷ್ಟೇ ಇರಲಿ, ಅದನ್ನು ಮೊದಲ ದಿನವೇ ಹೇಳಿಬಿಡಿ. ಅವನು ಉತ್ತರಕ್ಕೆ ಕಾಯುತ್ತಿರುತ್ತಾನೆ. ಇವತ್ತೇ ಫೋನ್ ಮಾಡಿ.